ಸುತ್ತಿಗೆಗೆ ಮೊದಲು ಕಾಗದ: ಅಂಧೇರಿಯ ಫ್ಲ್ಯಾಟಿಗೆ ಕಾಂಟ್ರಾಕ್ಟರನನ್ನು ಗೊತ್ತುಮಾಡುವ ಕ್ರಮ

ಮುಂಬಯಿಯ ಅಂಧೇರಿಯ ಹೌಸಿಂಗ್ ಸೊಸೈಟಿಗಳಲ್ಲಿ ಮನೆ ರಿಪೇರಿ ಮಾಡಿಸಿಕೊಂಡವರನ್ನು ಕೇಳಿ ನೋಡಿ, ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. ಮೊದಲ ವಾರ ಮನೆತುಂಬ ಕೆಲಸಗಾರರು. ಹಳೇ ಟೈಲ್ಸು, ಬಾತ್‌ರೂಮು, ಅಡುಗೆಕಟ್ಟೆ ಎಲ್ಲ ಒಡೆದು ರಾಶಿ. ಆ ಹೊತ್ತಿಗೆ ಒಪ್ಪಿದ ಹಣದಲ್ಲಿ ಅರ್ಧ ಕೈದಾಟಿರುತ್ತದೆ. ಮುಂದಿನ ವಾರ ಬರುವವರು ಇಬ್ಬರೇ. ಅದರ ಮುಂದಿನ ವಾರ ಕಾಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ. ಆತ ಮಲಾಡಿನಲ್ಲೋ ಮುಲುಂಡಿನಲ್ಲೋ ಇನ್ನೊಂದು ಕೆಲಸ ಹಿಡಿದಿರುತ್ತಾನೆ, ಈ ಮನೆಯ ಅಡ್ವಾನ್ಸಿನಲ್ಲಿ ಆ ಮನೆಯ ಸಾಮಾನು ತಂದಿರುತ್ತಾನೆ. ಮನೆಯವರು ‘ಕೆಟ್ಟ ಮನುಷ್ಯ ಸಿಕ್ಕಿದ’ ಎಂದು ಹಣೆಬರಹ ಹಳಿಯುತ್ತಾರೆ. ನನಗೆ ಕಂಡ ಮಟ್ಟಿಗೆ ತಪ್ಪಿದ್ದು ಹಣ ಕೊಟ್ಟ ಕ್ರಮ. ಕೆಲಸ ಮುಂದೆ, ಹಣ ಹಿಂದೆ ಎಂಬ ಏರ್ಪಾಡನ್ನು ಮೊದಲ ದಿನವೇ ಬರೆದಿಟ್ಟುಕೊಂಡರೆ ಸಾಧಾರಣ ಕಾಂಟ್ರಾಕ್ಟರನಿಂದಲೂ ಅಚ್ಚುಕಟ್ಟಾದ ಕೆಲಸ ತೆಗೆಯಬಹುದು. ಅಂಥ ಏರ್ಪಾಡಿಲ್ಲದಿದ್ದರೆ ಒಳ್ಳೆಯವನೂ ದಾರಿ ತಪ್ಪುತ್ತಾನೆ.

ಮೊದಲ ಹೆಜ್ಜೆ: ಸೊಸೈಟಿ ಕಚೇರಿ

ಡಿ.ಎನ್. ನಗರ, ಆಜಾದ್ ನಗರ, ನಾಲ್ಕು ಬಂಗ್ಲೆ, ಮರೋಳ್ ಕಡೆಯ ಹಳೆಯ ಕಟ್ಟಡದಲ್ಲಿ ಮನೆಯಿದ್ದರೆ, ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಸೆಕ್ರೆಟರಿಯವರನ್ನು ಒಂದು ಮಾತು ಕೇಳಿ: ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಗುವುದಿದೆಯೇ? ಕಟ್ಟಡಕ್ಕೆ 30 ವರ್ಷ ದಾಟಿದ್ದರೆ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 353ಬಿ ಕಲಮಿನಂತೆ ಅದರ ಬಲ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಆ ಸ್ಟ್ರಕ್ಚರಲ್ ಆಡಿಟ್ ವರದಿ ಬಂದಿದೆಯೇ, ಅದರಲ್ಲಿ ಏನಿದೆ ಎಂದು ನೋಡುವ ಹಕ್ಕು ಸದಸ್ಯರಾದ ನಿಮಗಿದೆ. ಇನ್ನೆರಡು ಮೂರು ವರ್ಷದಲ್ಲಿ ನೆಲಸಮವಾಗುವ ಮನೆಗೆ ಇಟಾಲಿಯನ್ ಮಾರ್ಬಲ್ ಹಾಸಿ ಸಂಕಟಪಡುವುದು ಬೇಡ. ಬಣ್ಣ, ಸೋರಿಕೆ, ವೈರಿಂಗ್ ಇಷ್ಟಕ್ಕೆ ನಿಲ್ಲಿಸಿ.

ರಿಪೇರಿ ಖಚಿತವಾದರೆ ಲಿಖಿತ ಅನುಮತಿ ಬೇಕು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಸಮಿತಿಯ ಲಿಖಿತ ಒಪ್ಪಿಗೆಯಿಲ್ಲದೆ ಸದಸ್ಯರು ಫ್ಲ್ಯಾಟಿನಲ್ಲಿ ಬದಲಾವಣೆ ಮಾಡುವಂತಿಲ್ಲ. ಅರ್ಜಿಯ ಜೊತೆಗೆ ಯಾವ ಕೋಣೆಯಲ್ಲಿ ಏನು ಕೆಲಸ, ಎಷ್ಟು ದಿನ, ಕಾಂಟ್ರಾಕ್ಟರ್ ಯಾರು ಎಂಬ ವಿವರ ಕೊಡಿ. ಸೊಸೈಟಿಗಳು ಸಾಮಾನ್ಯವಾಗಿ ಡಿಪಾಜಿಟ್ ಕೇಳುತ್ತವೆ. ರಸೀದಿಯಲ್ಲಿ ‘ಮರುಪಾವತಿ’ ಎಂದು ಬರೆಸಿಕೊಳ್ಳಿ. ಸದ್ದಿನ ಕೆಲಸದ ಹೊತ್ತು, ಮಧ್ಯಾಹ್ನದ ಬಿಡುವು, ಭಾನುವಾರದ ರಜೆ, ಲಿಫ್ಟಿನಲ್ಲಿ ಸಿಮೆಂಟು ಸಾಗಿಸಬಹುದೇ ಎಂಬ ನಿಯಮಗಳನ್ನೂ ಆಗಲೇ ತಿಳಿದು ಕಾಂಟ್ರಾಕ್ಟರನಿಗೆ ಹೇಳಿಬಿಡಿ. ಇಲ್ಲವಾದರೆ ಆತ ‘ಇಷ್ಟು ಕಡಿಮೆ ಹೊತ್ತು ಸಿಗುತ್ತದೆ ಅಂತ ಗೊತ್ತಿರಲಿಲ್ಲ’ ಎಂದು ಆಮೇಲೆ ದರ ಏರಿಸುತ್ತಾನೆ.

ಪಾಲಿಕೆಯ ಅನುಮತಿ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ? ಬಣ್ಣ, ಗಾರೆ, ನೆಲದ ಟೈಲ್ಸ್ ಬದಲಾವಣೆ, ಸಂಡಾಸು-ಬಚ್ಚಲ ದುರಸ್ತಿ, ನಲ್ಲಿ, ಪೈಪು, ವಿದ್ಯುತ್ ಸಾಮಾನು ಬದಲಿಸುವುದು ವಾಸಯೋಗ್ಯ ದುರಸ್ತಿಯ ಲೆಕ್ಕಕ್ಕೆ ಬರುತ್ತವೆ, ಇದಕ್ಕೆ ಅನುಮತಿ ಬೇಕಿಲ್ಲ. ಮನೆಯ ಅಳತೆ ಬದಲಿಸುವುದು, ಭಾರ ಹೊರುವ ಗೋಡೆ ಅಥವಾ ಕಂಬ ತೆಗೆಯುವುದು, ನೆಲ ತಗ್ಗಿಸುವುದು, ಹೊಸ ಅಟ್ಟ ಸೇರಿಸುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಅನುಮಾನವಿದ್ದರೆ ಅಂಧೇರಿ ಪಶ್ಚಿಮದವರು ಪಾಲಿರಾಮ್ ರಸ್ತೆಯ ಕೆ-ಪಶ್ಚಿಮ ವಾರ್ಡ್ ಕಚೇರಿಯಲ್ಲಿ ವಿಚಾರಿಸಬಹುದು.

‘ಈ ಬೀಮು ಸ್ವಲ್ಪ ಕೊರೆದರೆ ಏಸಿ ಪೈಪು ನೀಟಾಗಿ ಹೋಗುತ್ತದೆ’, ‘ಈ ಕಂಬದ ಮೂಲೆ ತೆಗೆದರೆ ಫ್ರಿಜ್ ಕೂರುತ್ತದೆ’ ಎನ್ನುವ ಕಾಂಟ್ರಾಕ್ಟರನನ್ನು ಅಲ್ಲೇ ನಿಲ್ಲಿಸಿ. 2017ರ ಜುಲೈ 25ರಂದು ಘಾಟ್ಕೋಪರ್ ಪಶ್ಚಿಮದ ನಾಲ್ಕು ಮಹಡಿಯ ಸಿದ್ಧಿ ಸಾಯಿ ಕಟ್ಟಡ ಕುಸಿದು 17 ಜನ ಸತ್ತರು. ನೆಲಮಹಡಿಯಲ್ಲಿ ರಿಪೇರಿ ನಡೆದಿತ್ತು, ಕಂಬಗಳಿಗೆ ಕೈಹಾಕಿದ್ದರು ಎಂಬುದು ಅಲ್ಲಿನ ನಿವಾಸಿಗಳ ಆರೋಪ. ಗೋಡೆ ತೆಗೆಯಲೇಬೇಕೆಂದಿದ್ದರೆ ಪರವಾನಗಿ ಇರುವ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದುಕೊಡಲಿ. ಮಿಸ್ತ್ರಿ ಗೋಡೆ ತಟ್ಟಿ ‘ಇದು ಬರೀ ಇಟ್ಟಿಗೆ ಸಾಬ್’ ಎಂದರೆ ಸಾಲದು.

ಎರಡನೆಯ ಹೆಜ್ಜೆ: ‘ನಮ್ಮವನೇ’ ಎಂಬ ದಾಕ್ಷಿಣ್ಯ

ಮುಂಬಯಿ ಕನ್ನಡಿಗರಿಗೆ ಕಾಂಟ್ರಾಕ್ಟರನ ಹೆಸರು ಸಿಗುವುದು ಹೆಚ್ಚಾಗಿ ಸಂಘದ ಕಾರ್ಯಕ್ರಮದಲ್ಲೋ ವೀರಾ ದೇಸಾಯಿ ರಸ್ತೆಯ ಮೊಗವೀರ ಭವನದಂಥ ಕಡೆ ಮದುವೆ ಊಟದ ಪಂಕ್ತಿಯಲ್ಲೋ. ‘ನಮ್ಮ ಊರಿನವರೇ, ನಮ್ಮ ಭಾವನ ಮನೆಯದ್ದೂ ಅವರೇ ಮಾಡಿದ್ದು.’ ಪರಿಚಯದಿಂದ ಅನುಕೂಲವಿದೆ, ಅಲ್ಲಗಳೆಯುವುದಿಲ್ಲ. ಆತನಿಗೂ ಸಮಾಜದಲ್ಲಿ ಹೆಸರು ಉಳಿಸಿಕೊಳ್ಳಬೇಕು. ಆದರೆ ಪರಿಚಯದವನ ಹತ್ತಿರ ಕೊಟೇಶನ್ ಕೇಳಲು ಸಂಕೋಚ, ಕರಾರು ಬರೆಸಲು ಸಂಕೋಚ, ಕೆಲಸ ಕೆಟ್ಟಾಗ ಬೈಯಲು ಇನ್ನೂ ಸಂಕೋಚ. ಸಂಬಂಧ ಉಳಿಯಬೇಕೆಂದರೆ ಪರಿಚಯದವನ ಜೊತೆಗೇ ಕಾಗದ ಇನ್ನಷ್ಟು ಬಿಗಿಯಾಗಿರಬೇಕು.

ಯಾರೇ ಇರಲಿ, ಮೂರು ಕಡೆ ದರ ಕೇಳಿ. ಆತ ಮಾಡಿದ ಎರಡು ಮನೆ ನೋಡಿ. ಈಗಷ್ಟೇ ಮುಗಿದದ್ದು ಒಂದು, ಎರಡು ಮಳೆಗಾಲ ಕಂಡದ್ದು ಇನ್ನೊಂದು. ಹೊಸ ಮನೆ ಎಲ್ಲರದ್ದೂ ಚೆಂದವೇ. ಹಳೆಯ ಮನೆಯಲ್ಲಿ ಬಚ್ಚಲ ಹೊರಗಿನ ಗೋಡೆಯ ಬಣ್ಣ ಉಬ್ಬಿದೆಯೇ, ವಾರ್ಡ್‌ರೋಬಿನ ಬಾಗಿಲು ಜೋತುಬಿದ್ದಿದೆಯೇ, ಕಿಟಕಿಯ ಕೆಳಗೆ ತೇವವಿದೆಯೇ ನೋಡಿ. ಸಾಧ್ಯವಾದರೆ ಆ ಮನೆಯ ಕೆಳಗಿನ ಫ್ಲ್ಯಾಟಿನವರ ಬೆಲ್ಲೂ ಒತ್ತಿ. ಅವರ ಬಚ್ಚಲ ಛಾವಣಿ ಹೇಳುವಷ್ಟು ಯಾರೂ ಹೇಳಲಾರರು.

ಮೂರನೆಯ ಹೆಜ್ಜೆ: ಒಂದೇ ಪಟ್ಟಿ, ಮೂರು ದರ

ಮೂರು ಕೊಟೇಶನ್ ತಂದರೂ ಹೋಲಿಸಲು ಬಾರದೆ ಜನ ಸೋಲುತ್ತಾರೆ. ಒಬ್ಬ ಕಾರ್ಪೆಟ್ ಏರಿಯಾದ ಚದರಡಿಗೆ ಇಷ್ಟು ಎನ್ನುತ್ತಾನೆ, ಇನ್ನೊಬ್ಬ ಒಟ್ಟು ಮೊತ್ತ ಬರೆಯುತ್ತಾನೆ, ಮತ್ತೊಬ್ಬ ಬರೀ ಲೇಬರ್ ದರ ಹೇಳಿ ಸಾಮಾನು ನಿಮ್ಮದು ಎನ್ನುತ್ತಾನೆ. ಆದ್ದರಿಂದ ಪಟ್ಟಿಯನ್ನು ನೀವೇ ಮಾಡಿ ಮೂವರಿಗೂ ಅದನ್ನೇ ಕೊಡಿ. ನೆಲದ ಟೈಲ್ಸ್ ಇಷ್ಟು ಚದರಡಿ, ಸ್ಕರ್ಟಿಂಗ್ ಇಷ್ಟು ರನ್ನಿಂಗ್ ಫೂಟ್, ಸ್ವಿಚ್ ಪಾಯಿಂಟ್ ಇಷ್ಟು. ಬಣ್ಣಕ್ಕೆ ಗೋಡೆ ಮತ್ತು ಛಾವಣಿಯ ಅಳತೆಯೇ ಲೆಕ್ಕ. ಬಾಗಿಲು ಕಿಟಕಿಯ ಜಾಗ ಕಳೆಯುತ್ತಾನೋ ಇಲ್ಲವೋ ಕೇಳಿ. ವಾರ್ಡ್‌ರೋಬಿನ ಚದರಡಿ ಮುಂಭಾಗದ್ದು ಮಾತ್ರವೇ, ಒಳಗಿನ ಡ್ರಾಯರಿಗೆ ಬೇರೆ ದರವೇ ಎಂಬುದೂ ಅಲ್ಲೇ ತೀರ್ಮಾನವಾಗಲಿ.

ಸಾಮಾನಿನ ಮಟ್ಟವನ್ನು ‘ಒಳ್ಳೆ ಕ್ವಾಲಿಟಿ’ ಎಂದು ಬರೆದರೆ ಪ್ರಯೋಜನವಿಲ್ಲ. ಪ್ಲೈವುಡ್ ಆದರೆ ಅಡುಗೆಮನೆಯ ಸಿಂಕಿನ ಕೆಳಗೆ ನೀರು ತಾಳುವ ಐಎಸ್ 710, ಬೆಡ್‌ರೂಮಿಗೆ ಸಾಮಾನ್ಯ ಬಳಕೆಯ ಐಎಸ್ 303 ಎಂದು ದಪ್ಪದ ಮಿಲಿಮೀಟರ್ ಸಮೇತ ಬರೆಸಿ. ಹಾಳೆಗಳು ಬಂದ ದಿನ ಕತ್ತರಿಸುವ ಮುಂಚೆಯೇ ಐಎಸ್‌ಐ ಮುದ್ರೆ ನೋಡಿಕೊಳ್ಳಿ, ಲ್ಯಾಮಿನೇಟ್ ಅಂಟಿಸಿದ ಮೇಲೆ ಅದು ಕಾಣುವುದಿಲ್ಲ. ವೈರು ಐಎಸ್ 694ರದ್ದಾಗಿರಲಿ; ಏಸಿ ಮತ್ತು ಗೀಸರಿಗೆ ಪ್ರತ್ಯೇಕ ಲೈನು ಎಳೆಯಲಿ. ಗ್ಯಾಸ್ ಪೈಪಿನ ವಿಷಯದಲ್ಲಿ ರಾಜಿ ಇಲ್ಲ: ಮಹಾನಗರ್ ಗ್ಯಾಸಿನ ಪೈಪನ್ನು ಸರಿಸಬೇಕಾದರೆ ಆ ಕಂಪನಿಗೇ ಹೇಳಿ ಅವರ ಜನರಿಂದಲೇ ಮಾಡಿಸಬೇಕು. ಕಾಂಟ್ರಾಕ್ಟರನ ಪ್ಲಂಬರ್ ಅದನ್ನು ಮುಟ್ಟಕೂಡದು, ಗೋಡೆಯೊಳಗೆ ಮುಚ್ಚಲೂಕೂಡದು.

‘ಬಿಲ್ ಬೇಡ ಅಂದರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ’ ಎಂಬ ಆಸೆ ಎಲ್ಲರಿಗೂ ಹತ್ತಿಸುತ್ತಾರೆ. ಬಿಲ್ಲೇ ಇಲ್ಲದ ಕೆಲಸ ಕೆಟ್ಟರೆ ಅದು ಆತನೇ ಮಾಡಿದ್ದೆಂದು ತೋರಿಸುವುದು ಕಷ್ಟ, ಹಾಗಾಗಿ ನಾನಂತೂ ಬಿಲ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸಣ್ಣ ಕಾಂಟ್ರಾಕ್ಟರನಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವನು ಜಿಎಸ್‌ಟಿ ವಸೂಲಿ ಮಾಡುವಂತೆಯೂ ಇಲ್ಲ. ವಸೂಲಿ ಮಾಡುವವನ ನಂಬರು 15 ಅಕ್ಷರ-ಅಂಕಿಗಳದ್ದು, ಮಹಾರಾಷ್ಟ್ರದ್ದಾದರೆ 27ರಿಂದ ಶುರು. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿ ನೋಡಿದರೆ ಹೆಸರು ಬರುತ್ತದೆ. ಹಣವನ್ನು ಬ್ಯಾಂಕಿನಿಂದಲೇ ಕೊಡಿ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ನಾಲ್ಕನೆಯ ಹೆಜ್ಜೆ: ಹಣದ ಕಂತು

6 ಲಕ್ಷ ರೂಪಾಯಿಯ ಕೆಲಸ ಎಂದುಕೊಳ್ಳೋಣ. ಕರಾರಿಗೆ ಸಹಿಯಾದ ದಿನ 60,000. ಒಡೆಯುವ ಕೆಲಸ ಮುಗಿದು, ಮಲ್ಬಾ, ಅಂದರೆ ಒಡೆದ ಕಸ, ಹೊರಗೆ ಹೋಗಿ, ಪೈಪು-ವೈರುಗಳ ಲೈನು ಗೋಡೆಯಲ್ಲಿ ಕೂತಾಗ 1,20,000. ಬಚ್ಚಲು ನೀರಿನ ಪರೀಕ್ಷೆ ಪಾಸಾದ ಮೇಲೆ 1,20,000. ಗಾರೆ, ಟೈಲ್ಸ್ ಮುಗಿದಾಗ 1,20,000. ಮರಗೆಲಸ, ಬಣ್ಣ ಮುಗಿದಾಗ 1,20,000. ಉಳಿದ 60,000 ಮನೆ ಕೈಗೆ ಬಂದು ಒಂದು ತಿಂಗಳು ವಾಸ ಮಾಡಿದ ಮೇಲೆ. ಕಿಟಕಿ ಬದಲಿಸಿದ್ದರೆ ಇದನ್ನು ಒಂದು ಜೋರು ಮಳೆ ಬೀಳುವವರೆಗೆ ಹಿಡಿಯಲು ಕರಾರಿನಲ್ಲೇ ಒಪ್ಪಿಸಿಕೊಳ್ಳಿ. ಕಂತು ತಾರೀಖಿಗೆ ಅಂಟಿಕೊಂಡಿರಬಾರದು, ಮುಗಿದ ಕೆಲಸಕ್ಕೆ ಅಂಟಿಕೊಂಡಿರಬೇಕು. ‘ಹುಡುಗರಿಗೆ ಶನಿವಾರದ ಬಟವಾಡೆ ಕೊಡಬೇಕು’ ಎಂದು ನಡುವೆ ಬಂದು ಕೈಚಾಚುವುದು ಮಾಮೂಲು. ಆ ಶನಿವಾರದವರೆಗೆ ಮುಗಿದ ಕೆಲಸ ಅಳೆದು ಅಷ್ಟಕ್ಕೇ ಕೊಡಿ, ಅವನಿಂದ ಬರೆಸಿಕೊಂಡು ಮುಂದಿನ ಕಂತಿನಲ್ಲಿ ಕಳೆಯಿರಿ.

ಹೆಚ್ಚುವರಿ ಕೆಲಸಕ್ಕೂ ಇದೇ ಶಿಸ್ತು. ‘ಇದೂ ಮಾಡಿಬಿಡಿ’ ಎಂದು ಬಾಯಲ್ಲಿ ಹೇಳಿದ್ದೆಲ್ಲ ಕೊನೆಗೆ ‘ಎಕ್ಸ್‌ಟ್ರಾ’ ಎಂಬ ದೊಡ್ಡ ಬಿಲ್ಲಾಗುತ್ತದೆ. ದರ ಒಪ್ಪಿ ವಾಟ್ಸ್ಯಾಪಿನಲ್ಲಿ ಬರೆದ ಮೇಲೆಯೇ ಶುರುವಾಗಲಿ. ತಡವಾದರೆ ವಾರಕ್ಕೆ ಇಷ್ಟು ಕಡಿತ ಎಂಬ ಸಾಲೂ ಕರಾರಿನಲ್ಲಿರಲಿ. ಹೋಳಿ, ಛಠ್, ಊರ ಮದುವೆಗಳಿಗೆ ಕೆಲಸಗಾರರು ಉತ್ತರಕ್ಕೆ ಹೋಗುವ ದಿನಗಳನ್ನು ಮೊದಲೇ ಲೆಕ್ಕ ಹಿಡಿದುಕೊಳ್ಳಿ.

ಐದನೆಯ ಹೆಜ್ಜೆ: ಬಚ್ಚಲು

ಇಡೀ ರಿಪೇರಿಯಲ್ಲಿ ಮೈಯೆಲ್ಲ ಕಣ್ಣಾಗಿರಬೇಕಾದ ಜಾಗ ಇದೊಂದೇ. ಮೇ ತಿಂಗಳಲ್ಲಿ ಕೀಲಿ ಕಾಂಟ್ರಾಕ್ಟರನಿಗೆ ಕೊಟ್ಟು ಊರಿಗೆ ಹೋಗುವ ರೂಢಿ ನಮ್ಮಲ್ಲಿದೆ. ಬಣ್ಣದ ದಿನಗಳಲ್ಲಿ ಹೋಗಿ, ವಾಟರ್‌ಪ್ರೂಫಿಂಗ್ ದಿನಗಳಲ್ಲಿ ಖಂಡಿತ ಬೇಡ. ನಿಮ್ಮ ಬಚ್ಚಲು ಸೋರಿದರೆ ಹಾಳಾಗುವುದು ಕೆಳಗಿನವರ ಛಾವಣಿ, ಖರ್ಚು ಬೀಳುವುದು ನಿಮ್ಮ ತಲೆಗೆ. ಮಾದರಿ ಉಪವಿಧಿಗಳಲ್ಲಿ ಮಳೆನೀರಿನ ಹಾಗೂ ಹೊರಗಿನ ಸಾರ್ವಜನಿಕ ಪೈಪಿನ ಸೋರಿಕೆ ಸೊಸೈಟಿಯ ಹೊಣೆ. ಸಂಡಾಸು, ಸಿಂಕಿನ ಒಳ ಸೋರಿಕೆ ಸದಸ್ಯರ ಹೊಣೆ.

ಕ್ರಮ ಹೀಗಿರಲಿ. ಹಳೆಯ ಟೈಲ್ಸಿನ ಮೇಲೆ ಹೊಸ ಟೈಲ್ಸ್ ಅಂಟಿಸುವ ಅಗ್ಗದ ಉಪಾಯಕ್ಕೆ ಒಪ್ಪಬೇಡಿ. ಅಂಧೇರಿಯ ಹಳೇ ಕಟ್ಟಡಗಳಲ್ಲಿ ಕೆಳಗಿನ ಪೈಪೇ ತುಕ್ಕು ಹಿಡಿದಿರುತ್ತದೆ. ಸ್ಲ್ಯಾಬಿನವರೆಗೆ ಬಿಚ್ಚಿಸಿ. ಹೊಸ ಪೈಪು ಕೂತ ಮೇಲೆ ಗಾರೆ ಮುಚ್ಚುವ ಮೊದಲು ಒತ್ತಡ ಕೊಟ್ಟು ಕೀಲುಗಳನ್ನು ಪರೀಕ್ಷಿಸಲಿ. ಗೋಡೆ ನೆಲ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ತುಂಬಬೇಕು, ಏಕೆಂದರೆ ನೀರು ಮೊದಲು ಹೊಗುವುದು ಆ ಚೂಪು ಮೂಲೆಯಲ್ಲೇ. ವಾಟರ್‌ಪ್ರೂಫ್ ಲೇಪ ನೆಲದಿಂದ ಗೋಡೆಗೆ ಕನಿಷ್ಠ ಒಂದಡಿ, ಶವರ್ ಇರುವ ಕಡೆ ಆಳೆತ್ತರ ಏರಲಿ. ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪಿನ ಸುತ್ತ ಇನ್ನೊಂದು ಕೈ ಹೆಚ್ಚು. ಲೇಪ ಒಣಗಿದ ಮೇಲೆ ಟ್ರ್ಯಾಪಿಗೆ ಬಿರಡೆ ಹಾಕಿ ಎರಡು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲಿನಿಂದ ಗೆರೆ ಎಳೆದು ಫೋಟೋ ತೆಗೆಯಿರಿ. 24 ಗಂಟೆ ಕನಿಷ್ಠ, 48 ಆದರೆ ಒಳಿತು. ಅಷ್ಟು ಹೊತ್ತಿನ ನಂತರ ಗೆರೆ ನೋಡಿ, ಆಮೇಲೆ ಕೆಳಗಿನ ಮನೆಗೆ ಹೋಗಿ ಅವರ ಛಾವಣಿ ನೋಡಿ. ಅವರನ್ನು ಮೊದಲೇ ಮಾತಾಡಿಸಿ ಇಟ್ಟುಕೊಂಡಿದ್ದರೆ ಬಾಗಿಲು ತೆಗೆಯುತ್ತಾರೆ. ಒಂದು ಹನಿ ತೇವ ಕಂಡರೂ ಮೂರನೆಯ ಕಂತು ತಡೆಹಿಡಿಯಿರಿ. ಟೈಲ್ಸ್ ಹಾಕಿದ ಮೇಲೆ ನೆಲದ ಮೇಲೆ ಒಂದು ತಂಬಿಗೆ ನೀರು ಚೆಲ್ಲಿ, ಎಲ್ಲ ದಿಕ್ಕಿನಿಂದಲೂ ಅದು ನಹಾನಿಗೇ ಹರಿಯಬೇಕು.

ಬಚ್ಚಲನ್ನು ಕೆಳಗಿನವರ ಅಡುಗೆಮನೆಯ ಮೇಲೆ ಸರಿಸುವ ಯೋಚನೆ ಮಾತ್ರ ಬೇಡವೇ ಬೇಡ.

ಮಲ್ಬಾ

ಒಡೆದ ಇಟ್ಟಿಗೆ, ಟೈಲ್ಸ್ ಗೋಣಿಚೀಲದಲ್ಲಿ ತುಂಬಿ ರಾತ್ರಿ ರಸ್ತೆಬದಿಗೋ ನಾಲೆಗೋ ಸುರಿಯುವ ಚಟ ಈ ಊರಿಗಿದೆ, ಮಳೆಗಾಲದಲ್ಲಿ ಅದೇ ನಾಲೆ ಉಕ್ಕುತ್ತದೆ. 2016ರ ಕೇಂದ್ರ ನಿಯಮಗಳಿಂದ ಈಚೆಗೆ ಕಟ್ಟಡದ ಕಸವನ್ನು ಬೇರೆಯಾಗಿಯೇ ಒಪ್ಪಿಸಬೇಕು. ಪಾಲಿಕೆಯ ‘ಡೆಬ್ರಿಸ್ ಆನ್ ಕಾಲ್’ ಸೇವೆಗೆ ಶುಲ್ಕ ಕಟ್ಟಿದರೆ ಅವರೇ ಒಯ್ಯುತ್ತಾರೆ. ಮಲ್ಬಾ ಎಲ್ಲಿಗೆ ಹೋಗುತ್ತದೆ, ಖರ್ಚು ಯಾರದ್ದು ಎಂಬುದೂ ಕರಾರಿನಲ್ಲಿರಲಿ.

ಕೆಲಸ ನಿಂತೇಹೋದರೆ

ಜಗಳಕ್ಕೆ ಮೊದಲು ದಾಖಲೆ. ನಿಂತ ಸ್ಥಿತಿಯ ಫೋಟೋ, ಕರಾರು, ಕಂತು ಕೊಟ್ಟ ಬ್ಯಾಂಕ್ ದಾಖಲೆ, ವಾಟ್ಸ್ಯಾಪ್ ಮಾತುಕತೆ ಜೋಡಿಸಿ, 15 ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಆಮೇಲೆಯೇ ಇನ್ನೊಬ್ಬ ಕಾಂಟ್ರಾಕ್ಟರನನ್ನು ಒಳಗೆ ಬಿಡಿ. ಹೊಸಬ ಬಂದು ಸುತ್ತಿಗೆ ಹಾಕಿದರೆ ಹಳಬನ ತಪ್ಪಿನ ಸಾಕ್ಷಿಯೇ ಅಳಿಸಿಹೋಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 1975ರಲ್ಲಿ ಹುಟ್ಟಿದ ಮುಂಬಯಿ ಗ್ರಾಹಕ ಪಂಚಾಯತ್ ಪಕ್ಕದ ವಿಲೇಪಾರ್ಲೆಯಲ್ಲೇ ಇದೆ, ಸಲಹೆ ಸಿಗುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅರ್ಧಕ್ಕೆ ಬಿಟ್ಟ, ಕಳಪೆ ಮಾಡಿದ ಕೆಲಸ ಸೇವಾಲೋಪ. ಕೊಟ್ಟ ಹಣ 50 ಲಕ್ಷ ರೂಪಾಯಿಯೊಳಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ. ಮುಂಬಯಿ ಉಪನಗರ ಜಿಲ್ಲೆಯದ್ದು ಬಾಂದ್ರಾ ಪೂರ್ವದಲ್ಲಿದೆ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾಂಟ್ರಾಕ್ಟರ್ ಎಲ್ಲಿಯವನಾದರೂ ಸರಿ. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಕೀಲರೇ ಬೇಕೆಂದಿಲ್ಲ. 2025ರಿಂದ ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸುವ ವ್ಯವಸ್ಥೆಯೂ ಇದೆ. ತೊಂದರೆ ಎದ್ದ ದಿನದಿಂದ 2 ವರ್ಷದೊಳಗೆ ದೂರು ಹೋಗಬೇಕು. ‘ಇವತ್ತು ಬರ್ತೀನಿ, ನಾಳೆ ಬರ್ತೀನಿ’ ಎಂಬ ಮಾತು ಕೇಳುತ್ತ ಆ ಅವಧಿ ಕಳೆದುಕೊಳ್ಳಬೇಡಿ.

ಎಲ್ಲ ಸರಿಯಾಗಿ ಮುಗಿದರೆ ಗೋಡೆಯೊಳಗೆ ಪೈಪು, ವೈರು ಹೋದ ದಾರಿಯ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಮನೆಪತ್ರಗಳ ಫೈಲಿನಲ್ಲಿಡಿ. ಮುಂದೆ ಯಾರಾದರೂ ಟೀವಿ ತೂಗುಹಾಕಲು ಗೋಡೆ ಕೊರೆಯುವಾಗ ಬೇಕಾಗುತ್ತವೆ. ವಾಟರ್‌ಪ್ರೂಫಿಂಗ್ ಗ್ಯಾರಂಟಿ ಪತ್ರ, ಫಿಟ್ಟಿಂಗುಗಳ ಬಿಲ್ಲು ಅದೇ ಫೈಲಿಗೆ ಸೇರಲಿ. ಕೊನೆಗೆ ಸೊಸೈಟಿಗೆ ಕೆಲಸ ಮುಗಿದ ಪತ್ರ ಕೊಟ್ಟು, ಸೆಕ್ರೆಟರಿಯವರಿಗೆ ಮನೆ ತೋರಿಸಿ ಡಿಪಾಜಿಟ್ ವಾಪಸು ಕೇಳಿ.