ರೋಗಿಯ ಜೊತೆಗಿದ್ದೀರಾ? ಸೋಂಕು, ಔಷಧ, ಎಐ ಬಗ್ಗೆ ತಿಳಿದಿರಬೇಕಾದ್ದು

ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆಮೇಲೆ ಆಸ್ಪತ್ರೆಯಲ್ಲೇ ಸೋಂಕು ತಗುಲಿತು ಎಂಬ ಮಾತನ್ನು ಕೇಳದವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ಚಿಕಿತ್ಸೆಗೆ ಆಸ್ಪತ್ರೆ ಸೇರುವ ಪ್ರತಿ 100 ಜನರಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಅಲ್ಲಿರುವಾಗಲೇ ಕನಿಷ್ಠ ಒಂದು ಸೋಂಕು ಅಂಟುತ್ತದೆ. ಇವುಗಳಲ್ಲಿ ಶೇ 70ರಷ್ಟನ್ನು ಕೈ ಶುಚಿತ್ವ ಮತ್ತು ಹೆಚ್ಚು ಖರ್ಚಿಲ್ಲದ ಇತರ ಕ್ರಮಗಳಿಂದಲೇ ತಡೆಯಬಹುದು ಎಂದೂ ಅದೇ ವರದಿ ಹೇಳಿದೆ.

ಈಗ ಸೋಂಕನ್ನು ಮುಂಚಿತವಾಗಿ ಹಿಡಿಯಲು, ಆಂಟಿಬಯೋಟಿಕ್ ಆರಿಸಲು, ಔಷಧಗಳ ಅಡ್ಡಪರಿಣಾಮ ಪತ್ತೆ ಹಚ್ಚಲು ಕೃತಕ ಬುದ್ಧಿಮತ್ತೆ (ಎಐ) ಬಂದಿದೆ. ಬರಲಿ, ಬೇಕು ಕೂಡ. ಆದರೆ ಅದು ಕೆಲಸ ಮಾಡುವುದು ಹಾಸಿಗೆಯ ಪಕ್ಕದಲ್ಲಿ ದಾಖಲಾದ ಮಾಹಿತಿಯ ಮೇಲೆ. ಅಲ್ಲಿ ದಿನವಿಡೀ ಕೂತಿರುವವರು ನೀವು. ಹಾಗಾಗಿ ನಿಮ್ಮ ಕೆಲಸದಿಂದಲೇ ಶುರು ಮಾಡೋಣ.

ದಾಖಲಾಗುವ ಮೊದಲು

ಒಂದು ಹಾಳೆಯಲ್ಲಿ ಮೂರು ವಿಷಯ ಬರೆದಿಟ್ಟುಕೊಳ್ಳಿ: ರೋಗಿ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು (ನಾಟಿ ಔಷಧವನ್ನೂ ಸೇರಿಸಿ), ಯಾವ ಔಷಧಕ್ಕೆ ಅಲರ್ಜಿ ಇದೆ, ಕಳೆದ ಮೂರು ತಿಂಗಳಲ್ಲಿ ಯಾವ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಇತ್ತೀಚೆಗೆ ಬಳಸಿದ ಆಂಟಿಬಯೋಟಿಕ್‌ಗೆ ದೇಹದಲ್ಲಿರುವ ಬ್ಯಾಕ್ಟೀರಿಯಾ ಒಗ್ಗಿಹೋಗಿರುವ ಸಾಧ್ಯತೆ ಇರುವುದರಿಂದ ವೈದ್ಯರಿಗೆ ಅದು ಗೊತ್ತಿರಬೇಕು.

ಶಸ್ತ್ರಚಿಕಿತ್ಸೆ ಇದ್ದರೆ ಹಿಂದಿನ ದಿನ ಮನೆಯಲ್ಲಿ ರೇಜರ್‌ನಿಂದ ಕೂದಲು ಬೋಳಿಸಬೇಡಿ. ಬ್ಲೇಡು ಮಾಡುವ ಕಣ್ಣಿಗೆ ಕಾಣದ ಗಾಯಗಳೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ಕೂದಲು ತೆಗೆಯಲೇಬೇಕಿದ್ದರೆ ಆಸ್ಪತ್ರೆಯವರೇ ಕ್ಲಿಪ್ಪರ್ ಬಳಸಲಿ. ಸೋಪು ಹಚ್ಚಿ ಸ್ನಾನ ಮಾಡಿಸಿದರೆ ಸಾಕು.

ಕೈ

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮಲ್‌ವೈಸ್ ಎಂಬ ವೈದ್ಯ, ಶವಪರೀಕ್ಷೆ ಮುಗಿಸಿ ಬರುವವರು ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಕಟ್ಟುನಿಟ್ಟು ಮಾಡಿದ. ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಅಂದಿನ ವೈದ್ಯಲೋಕ ಅವನನ್ನು ನಂಬಲಿಲ್ಲ. ಇಂದು ಎಲ್ಲರೂ ನಂಬುತ್ತಾರೆ, ಆದರೂ ವಾರ್ಡಿನ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಅದೇ.

ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸೋಪು-ನೀರಾದರೆ ಒಟ್ಟು 40ರಿಂದ 60 ಸೆಕೆಂಡು ಬೇಕು. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ, ಮಂಚ, ಮೇಜು, ಡ್ರಿಪ್ ಸ್ಟ್ಯಾಂಡು ಮುಟ್ಟಿದ ಮೇಲೆ ಶುಚಿ ಮಾಡಿಕೊಳ್ಳಿ. ಕೈ ಕೊಳೆಯಾಗಿದ್ದರೆ, ರೋಗಿಗೆ ಭೇದಿ ಇದ್ದರೆ ಸ್ಯಾನಿಟೈಸರ್ ನೆಚ್ಚಿಕೊಳ್ಳಬೇಡಿ. ಆಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಭೇದಿ ತರುವ ಕ್ಲಾಸ್ಟ್ರಿಡಿಯೋಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಸೋಪು, ನೀರೇ ಬೇಕು.

ಡಾಕ್ಟರ್ ಅಥವಾ ಸಿಸ್ಟರ್ ಕೈ ಶುಚಿ ಮಾಡಿಕೊಳ್ಳದೆ ಮುಟ್ಟಲು ಬಂದರೆ? ಕೇಳಿ. ‘ಸ್ಯಾನಿಟೈಸರ್ ಇಲ್ಲೇ ಇದೆ, ಸಿಸ್ಟರ್’ ಎಂದು ಬಾಟಲಿ ಮುಂದಿಟ್ಟರೆ ಯಾರಿಗೂ ನೋವಾಗುವುದಿಲ್ಲ. ನೋಡಲು ಬರುವ ನೆಂಟರಿಗೂ ಇದೇ ನಿಯಮ. ಶೀತ, ಕೆಮ್ಮು ಇರುವವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿ, ಹಾಸಿಗೆಯ ಮೇಲೆ ಯಾರನ್ನೂ ಕೂರಿಸಬೇಡಿ.

ನಳಿಕೆ

ಕೈಗೆ ಚುಚ್ಚಿದ ಕ್ಯಾನುಲಾ, ಮೂತ್ರದ ಕ್ಯಾತಿಟರ್, ಕುತ್ತಿಗೆಯ ಸೆಂಟ್ರಲ್ ಲೈನ್, ವೆಂಟಿಲೇಟರ್ ಕೊಳವೆ: ಜೀವ ಉಳಿಸುವ ಇವೇ ಸೋಂಕಿನ ದೊಡ್ಡ ದಾರಿಗಳು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯ ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಸೆಂಟ್ರಲ್ ಲೈನ್‌ಗಾಗಿ ಐದು ಅಂಶಗಳನ್ನು ಪಾಲಿಸುವ ವ್ಯವಸ್ಥೆ ತಂದರು. ಕೈ ತೊಳೆಯುವುದು, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಹಚ್ಚುವುದು, ಲೈನ್ ಹಾಕುವಾಗ ಮಾಸ್ಕ್, ಗೌನ್, ಕೈಗವಸು ತೊಟ್ಟು ರೋಗಿಗೆ ಶುದ್ಧ ಹೊದಿಕೆ ಹೊದಿಸುವುದು, ತೊಡೆಸಂದಿಯಲ್ಲಿ ಹಾಕದಿರುವುದು, ಬೇಡವಾದ ಕೂಡಲೇ ತೆಗೆಯುವುದು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹದಿನೆಂಟು ತಿಂಗಳಲ್ಲಿ ಅಲ್ಲಿನ ರಕ್ತದ ಸೋಂಕು ಮೂರನೇ ಎರಡರಷ್ಟು ಇಳಿಯಿತು. ಕಂಪ್ಯೂಟರ್ ಪ್ರೋಗ್ರಾಮಿನ ಒಂದು ಸಾಲನ್ನೂ ಬರೆಯದೆ ಆದ ಕೆಲಸ ಇದು.

ಆ ಐದರಲ್ಲಿ ಕೊನೆಯದು ನಿಮ್ಮ ಕೈಲೂ ಇದೆ. ಪ್ರತಿದಿನ ರೌಂಡ್ಸ್‌ಗೆ ಬರುವ ವೈದ್ಯರನ್ನು ಕೇಳಿ: ‘ಈ ನಳಿಕೆ ಇವತ್ತೂ ಬೇಕಾ ಡಾಕ್ಟ್ರೇ?’ ಇಡೀ ಲೇಖನದಲ್ಲಿ ಒಂದೇ ಒಂದು ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕ್ಯಾನುಲಾ ಹಾಕಿದಲ್ಲಿ ಕೆಂಪಾದರೆ, ಊದಿದರೆ, ನೋವಾದರೆ ಬೆಳಗಾಗಲಿ ಎಂದು ಕಾಯದೆ ಹೇಳಿ. ಮೂತ್ರದ ಚೀಲ ಸೊಂಟದ ಮಟ್ಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಸ್ಟ್ರೆಚರ್ ಮೇಲೆ ಸಾಗಿಸುವಾಗ ಅದನ್ನು ರೋಗಿಯ ಹೊಟ್ಟೆಯ ಮೇಲೆ ಇಡುವುದು ತಪ್ಪು.

ಆಂಟಿಬಯೋಟಿಕ್

ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದೆ ಹೋದದ್ದರ ನೇರ ಕಾರಣದಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಇವು. ಯಾವ ಸೋಂಕಿಗೆ ಈ ಔಷಧ? ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಕಲ್ಚರ್ ಪರೀಕ್ಷೆಗೆ ಕಳಿಸಿದ್ದೀರಾ? ವರದಿ ಬಂದ ಮೇಲೆ ಔಷಧ ಬದಲಿಸುವುದೋ, ನಿಲ್ಲಿಸುವುದೋ? ಎಷ್ಟು ದಿನ? ವಯಸ್ಸಾದವರಾದರೆ, ಕಿಡ್ನಿಯ ಸ್ಥಿತಿ ನೋಡಿ ಪ್ರಮಾಣ ನಿಗದಿ ಮಾಡಿದ್ದಾರೆಯೇ ಎಂದೂ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್, ವಾಚ್, ರಿಸರ್ವ್ ಎಂದು ವಿಂಗಡಿಸಿದೆ. ರಿಸರ್ವ್ ಅಂದರೆ ಬೇರೆ ಯಾವುದೂ ನಾಟದಿದ್ದಾಗ ತೆಗೆಯಬೇಕಾದ ಕೊನೆಯ ಅಸ್ತ್ರ, ಕೊಲಿಸ್ಟಿನ್‌ನಂಥದ್ದು. ನಮ್ಮಲ್ಲಿ ಕೆಲವು ಪ್ರಬಲ ಆಂಟಿಬಯೋಟಿಕ್‌ಗಳು 2014ರಿಂದ ಷೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಅವನ್ನು ಮಾರಿದ ಅಂಗಡಿ ರೋಗಿಯ ಹೆಸರು, ವೈದ್ಯರ ಹೆಸರು ಬರೆದು ಮೂರು ವರ್ಷ ಕಾಪಾಡಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಕಂಡರೆ ಚೀಟಿ ಇಲ್ಲದೆ ಕೊಳ್ಳಬೇಡಿ, ಮನೆಯಲ್ಲಿ ಉಳಿದದ್ದನ್ನು ಪಕ್ಕದವರಿಗೆ ಕೊಡಬೇಡಿ.

ಎಐ ಎಲ್ಲಿ ನೆರವು, ಎಲ್ಲಿ ಎಚ್ಚರ

ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ಅಂಗಾಂಗಗಳು ಕೈಕೊಡುವ ಸ್ಥಿತಿ ಸೆಪ್ಸಿಸ್. ಅದರಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ನಾಡಿ, ಉಸಿರು, ರಕ್ತದೊತ್ತಡ, ಲ್ಯಾಬ್ ವರದಿಗಳನ್ನು ಒಟ್ಟಿಗೆ ನೋಡಿ ಮುನ್ನೆಚ್ಚರಿಕೆ ಕೊಡುವ ಸಾಫ್ಟ್‌ವೇರ್‌ಗಳಲ್ಲಿ ಒಂದು ಅಮೆರಿಕದ ಎಪಿಕ್ ಕಂಪನಿಯದು. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಒರೆಗೆ ಹಚ್ಚಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೆಪ್ಸಿಸ್ ಆದವರ ಪೈಕಿ ಶೇ 67 ಮಂದಿಯನ್ನು ಅದು ಗುರುತಿಸಿರಲಿಲ್ಲ. ಸುಳ್ಳು ಎಚ್ಚರಿಕೆಗಳಂತೂ ಹೇರಳವಾಗಿದ್ದವು. ಮರುವರ್ಷ ಜಾನ್ಸ್ ಹಾಪ್ಕಿನ್ಸ್‌ನ ಇನ್ನೊಂದು ವ್ಯವಸ್ಥೆ ಐದು ಆಸ್ಪತ್ರೆಗಳಲ್ಲಿ ಭರವಸೆ ಮೂಡಿಸಿತು. ಎಚ್ಚರಿಕೆ ಬಂದ ಮೂರು ಗಂಟೆಯೊಳಗೆ ಸಿಬ್ಬಂದಿ ಅದನ್ನು ಗಮನಿಸಿ ದೃಢಪಡಿಸಿದ ರೋಗಿಗಳಲ್ಲಿ ಸಾವು ಕಡಿಮೆ ಇತ್ತು. ಯಂತ್ರ ಕೂಗಿದಾಗ ಓಗೊಡುವ ಮನುಷ್ಯರಿದ್ದರೆ ಮಾತ್ರ ಉಪಯೋಗ ಎಂದು ಈ ಎರಡನ್ನೂ ಒಟ್ಟಿಗಿಟ್ಟು ನಾನು ಓದುತ್ತೇನೆ.

ನಿಮ್ಮ ಆಸ್ಪತ್ರೆಯಲ್ಲಿ ಇಂಥ ಸಾಫ್ಟ್‌ವೇರ್ ಇದ್ದರೆ, ಇಲ್ಲಿನ ರೋಗಿಗಳ ಮೇಲೆ ಪರೀಕ್ಷಿಸಿದ್ದಾರಾ, ಎಚ್ಚರಿಕೆ ಬಂದಾಗ ಯಾರು ಹೊಣೆ ಎಂದು ಕೇಳುವ ಹಕ್ಕು ನಿಮಗಿದೆ. ರೋಗ ಪತ್ತೆಗೆ ಬಳಸುವ ಸಾಫ್ಟ್‌ವೇರ್ ಕೂಡ ಭಾರತದಲ್ಲಿ 2020ರ ಏಪ್ರಿಲ್‌ನಿಂದ ವೈದ್ಯಕೀಯ ಸಾಧನಗಳ ಕಾನೂನಿನ ವ್ಯಾಪ್ತಿಗೆ ಬಂದಿದೆ. ಆರೋಗ್ಯ ಕ್ಷೇತ್ರದ ಎಐಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ನೈತಿಕ ಮಾರ್ಗಸೂಚಿ ಹೊರಡಿಸಿದೆ.

ಯಂತ್ರ ಇರಲಿ, ಇಲ್ಲದಿರಲಿ, ನೀವೇ ಗಮನಿಸಬೇಕಾದ ಲಕ್ಷಣಗಳಿವೆ: ಇದ್ದಕ್ಕಿದ್ದಂತೆ ಗೊಂದಲದ ಮಾತು, ಏದುಸಿರು, ಮೈ ನಡುಕ, ಮೂತ್ರ ತೀರಾ ಕಡಿಮೆ, ಚರ್ಮ ತಣ್ಣಗಾಗಿ ಬಣ್ಣ ಬದಲಾಗುವುದು. ‘ಇವರು ನಿನ್ನೆ ಹೀಗಿರಲಿಲ್ಲ, ಸೆಪ್ಸಿಸ್ ಇರಬಹುದಾ ನೋಡಿ’ ಎಂದು ಡ್ಯೂಟಿ ಡಾಕ್ಟರಿಗೆ ಹೇಳಿ. ಮೊಬೈಲಿನ ಚಾಟ್‌ಬಾಟ್‌ಗೆ ಲ್ಯಾಬ್ ವರದಿ ಹಾಕಿ ಅರ್ಥ ತಿಳಿದುಕೊಳ್ಳಬಹುದು, ಆದರೆ ರೋಗಿಯ ಹೆಸರು, ನಂಬರು ಅಳಿಸಿಯೇ ಹಾಕಿ. ಅದು ಹೇಳಿತೆಂದು ಒಂದು ಮಾತ್ರೆಯನ್ನೂ ಶುರು ಮಾಡಬೇಡಿ, ನಿಲ್ಲಿಸಲೂಬೇಡಿ.

ಮನೆಗೆ ಬಂದ ಮೇಲೆ

ಶಸ್ತ್ರಚಿಕಿತ್ಸೆಯ ಗಾಯದ ಸೋಂಕು 30 ದಿನಗಳವರೆಗೂ ಕಾಣಿಸಿಕೊಳ್ಳಬಹುದು. ಕೀವು, ಜ್ವರ, ಹೆಚ್ಚುತ್ತಿರುವ ನೋವು ಕಂಡರೆ ಡಿಸ್ಚಾರ್ಜ್ ಸಮ್ಮರಿ ಹಿಡಿದು ಅದೇ ಆಸ್ಪತ್ರೆಗೆ ಹೋಗಿ.

ಔಷಧದಿಂದ ತುರಿಕೆ, ಊತ, ವಾಂತಿಯಂಥ ತೊಂದರೆಯಾದರೆ ಮೊದಲು ವೈದ್ಯರಿಗೆ ತಿಳಿಸಿ, ಆಮೇಲೆ ವರದಿಯನ್ನೂ ಮಾಡಿ. ಜಗತ್ತಿನ ಇಂಥ ಕೋಟ್ಯಂತರ ವರದಿಗಳು ಸ್ವೀಡನ್ನಿನ ಉಪ್ಸಾಲಾದಲ್ಲಿ ಸಂಗ್ರಹವಾಗುತ್ತವೆ. ಒಂದೇ ಘಟನೆ ಎರಡು ಸಲ ದಾಖಲಾಗಿದ್ದರೆ ಹುಡುಕಲು, ಹೊಸ ಅಪಾಯದ ಸುಳಿವು ಹೆಕ್ಕಲು ಅಲ್ಲಿ ಕಂಪ್ಯೂಟರ್ ವಿಧಾನಗಳು ನೆರವಾಗುತ್ತವೆ. ವರದಿಯೇ ಹೋಗದಿದ್ದರೆ ಅವು ಹುಡುಕುವುದಾದರೂ ಏನನ್ನು? ಭಾರತದಲ್ಲಿ ವರದಿ ಸಂಗ್ರಹಿಸುವ ಕೆಲಸ ಫಾರ್ಮಕೊವಿಜಿಲೆನ್ಸ್ (ಔಷಧ ಸುರಕ್ಷತೆಯ ನಿಗಾ) ಕಾರ್ಯಕ್ರಮದ್ದು. ರೋಗಿಯೇ ಅಥವಾ ಮನೆಯವರೇ ವರದಿ ಕೊಡಬಹುದು, ಕನ್ನಡದಲ್ಲೂ ಅದರ ಅರ್ಜಿ ನಮೂನೆ ಇದೆ. ಶುಲ್ಕವಿಲ್ಲದ ಸಹಾಯವಾಣಿ 1800-180-3024. ಕರೆ ಮಾಡುವಾಗ ಔಷಧದ ಸ್ಟ್ರಿಪ್ ಕೈಯಲ್ಲಿರಲಿ, ಬ್ಯಾಚ್ ನಂಬರ್ ಕೇಳಬಹುದು.