ಒಂದೇ ಉಣ್ಣೆ ಸಾಕು

ಬೆಂಗಳೂರಿನಲ್ಲಿ ನಾಯಿ ಸಾಕಿದವರಿಗೆ ಉಣ್ಣೆ ಹೊಸದಲ್ಲ. ಮೈಮೇಲೆ ಹತ್ತಾರು ಕಂಡರೂ ಕಿತ್ತು ಹಾಕಿ ಸುಮ್ಮನಾಗುತ್ತೇವೆ. ಟಿಕ್ ಫೀವರ್ ಬಂದು, ಊಟ ಬಿಟ್ಟು, ಪ್ಲೇಟ್‌ಲೆಟ್ ಇಳಿದಾಗ ಡಾಕ್ಟರ ಹತ್ತಿರ ಓಡುತ್ತೇವೆ. ಅದೇ ಲೆಕ್ಕ ಇಟ್ಟುಕೊಂಡು ಸಿಡ್ನಿಗೆ ನಾಯಿ ತರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಭಾರತದ ನಾಯಿಯನ್ನು ಆಸ್ಟ್ರೇಲಿಯಾಕ್ಕೆ ನೇರವಾಗಿ ತರುವ ಹಾಗಿಲ್ಲ. ಒಪ್ಪಿತ ಪಟ್ಟಿಯ ಬೇರೊಂದು ದೇಶದ ಮೂಲಕ ಬಂದು, ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್ ಕ್ವಾರಂಟೈನ್ ದಾಟಬೇಕು. ಅಷ್ಟೂ ಕಟ್ಟುಪಾಡು ಹೊರಗಿನ ಉಣ್ಣೆ, ಹೊರಗಿನ ರೋಗ ಇಲ್ಲಿಗೆ ಬರಬಾರದೆಂದು. ಇಲ್ಲಿ ಕಾದಿರುವ ಉಣ್ಣೆಯ ಕಥೆಯೇ ಬೇರೆ.

ಇಕ್ಸೋಡಿಸ್ ಹೋಲೊಸೈಕ್ಲಸ್ ಎಂಬ ಇದು ಪೂರ್ವ ಕರಾವಳಿಯ ಪೊದೆಗಳಲ್ಲಿ, ಹೊಟ್ಟೆಚೀಲದ ಬ್ಯಾಂಡಿಕೂಟ್‌ಗಳ ರಕ್ತ ಕುಡಿದು ಬದುಕುತ್ತದೆ. ನಾಯಿಗೆ ಒಂದು ಹೆಣ್ಣು ಉಣ್ಣೆ ಕಚ್ಚಿದರೂ ಸಾಕು, ಮೂರು ನಾಲ್ಕು ದಿನದಲ್ಲಿ ಅದರ ಜೊಲ್ಲಿನ ವಿಷ ನರಗಳನ್ನು ಹಿಡಿಯುತ್ತದೆ.

ನಮ್ಮ ಕೆಂಚನಿಗೆ ಮೊದಲು ಕೆಟ್ಟದ್ದು ದನಿ. ಬೊಗಳಿದರೆ ಗೊಗ್ಗರು. ಸಂಜೆಗೆ ಮೆಟ್ಟಿಲು ಹತ್ತುವಾಗ ಹಿಂಗಾಲು ತಡವರಿಸಿತು. ಕತ್ತುಪಟ್ಟಿಯಡಿ ಬೆರಳಾಡಿಸಿದಾಗ ಬೂದುಬಣ್ಣದ ಗಟ್ಟಿ ಗಂಟು ಸಿಕ್ಕಿತು. "ಒಂದು ಗುಟುಕು ನೀರಾದ್ರೂ ಕುಡಿಸೋಣ ರೀ" ಎಂದು ನನ್ನವಳು ಬಟ್ಟಲು ಹಿಡಿದು ಕೂತಿದ್ದಳು. ಫೋನಿನಲ್ಲಿ ಡಾಕ್ಟರು ಖಡಾಖಂಡಿತವಾಗಿ ಬೇಡವೆಂದರು. ಗಂಟಲು, ಅನ್ನನಾಳ ಸೋತಿರುವಾಗ ಕುಡಿಸಿದ್ದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಸಂಕಟಪಡುವ ಜೀವಕ್ಕೆ ಏನೂ ಕೊಡದೆ ಕೂರುವುದು ನಮ್ಮವರಿಗೆ ಬಲು ಕಷ್ಟ. ಆದರೂ ಕೊಡಬಾರದು. ತಂಪಾದ ಜಾಗದಲ್ಲಿ ಅಲುಗಾಡಿಸದೆ ಮಲಗಿಸಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಉಣ್ಣೆ ಕಿತ್ತಾಯಿತಲ್ಲ ಎಂಬ ಸಮಾಧಾನವೂ ಬೇಡ. ಉತ್ತರ ಅಮೆರಿಕದ ಉಣ್ಣೆಗಳಿಂದಾಗುವ ಪಾರ್ಶ್ವವಾಯುವಿನಲ್ಲಿ ಕಿತ್ತರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ನಾಯಿ ಎದ್ದು ಓಡಾಡುತ್ತದೆ. ಇಲ್ಲಿ ಕಿತ್ತ ಮೇಲೂ ಒಂದೆರಡು ದಿನ ನಿಶ್ಶಕ್ತಿ ಏರಬಹುದು, ಉಸಿರಾಟದ ಸ್ನಾಯುಗಳವರೆಗೂ. ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ಆ್ಯಂಟಿಸೀರಂ ತಡೆಯುವುದು ರಕ್ತದಲ್ಲಿ ಇನ್ನೂ ಸುತ್ತುತ್ತಿರುವ ವಿಷವನ್ನು ಮಾತ್ರ, ಅದಕ್ಕೇ ಅದು ತಡವಾಗಬಾರದು. ಕೆಂಚನ ಮೈಯೆಲ್ಲ ಬೋಳಿಸಿ ಹುಡುಕಿದರು. ಇನ್ನೊಂದು ಉಣ್ಣೆ ಮೇಲ್ದುಟಿಯ ಒಳಗಿತ್ತು.

ಕೆಂಚ ಉಳಿದ. ಒಮ್ಮೆ ಉಳಿದ ನಾಯಿಗೆ ಮತ್ತೆ ಆಗುವುದಿಲ್ಲ ಎಂದೇನಿಲ್ಲ. ಉಣ್ಣೆ ತಡೆಯುವ ಮಾತ್ರೆಯನ್ನು ತಪ್ಪಿಸಬೇಡಿ. ಮಾತ್ರೆ ಕೊಟ್ಟರೂ ದಿನಾ ತಡವಿ ನೋಡಿ: ತುಟಿ, ಕಿವಿಯೊಳಗೆ, ಕತ್ತು, ಬೆರಳ ಸಂದು, ಬಾಲದ ಬುಡ. ಇಲ್ಲಿಂದ ಬೇರೆ ದೇಶಕ್ಕೆ ನಾಯಿಯನ್ನು ಕರೆದೊಯ್ಯುವವರು ವಿಮಾನಕ್ಕೆ ಮುಂಚೆ ಒಮ್ಮೆ, ಇಳಿದ ಮೇಲೆ ಒಂದು ವಾರ ನೋಡಬೇಕು. ಅಲ್ಲಿ ನಾಯಿ ತಡವರಿಸಿದರೆ, ಕರಾವಳಿಯ ಪೊದೆಗಳಲ್ಲಿ ಓಡಾಡಿ ಬಂದಿದೆ ಎಂಬುದನ್ನು ಅಲ್ಲಿನ ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ.