ಇಲಿಯ ರಕ್ತದಲ್ಲಿ ಹೆಪಟೈಟಿಸ್-ಬಿ ಗುರುತುಗಳನ್ನು ಅರಸುವ ಕ್ರಮ

ಮನುಷ್ಯನ ಯಕೃತ್ತನ್ನು ವರ್ಷಗಟ್ಟಲೆ ಸದ್ದಿಲ್ಲದೆ ಸವೆಸಬಲ್ಲ ಹೆಪಟೈಟಿಸ್-ಬಿ ವೈರಾಣುವು ಸಾಮಾನ್ಯ ಇಲಿಗೆ ತಾನಾಗಿ ತಗಲುವುದಿಲ್ಲ. ಈ ವೈರಾಣು ಯಕೃತ್ಕೋಶವನ್ನು ಹೊಗುವ ದ್ವಾರವೆಂದು 2012ರಲ್ಲಿ ತಿಳಿದುಬಂದ ಎನ್‌ಟಿಸಿಪಿ ಎಂಬ ಪ್ರೋಟೀನಿನ ರಚನೆ ಇಲಿಯಲ್ಲಿ ತುಸು ಭಿನ್ನವಾಗಿರುವುದು ಇದಕ್ಕೆ ಒಂದು ಕಾರಣ. ಆದಕಾರಣ ವೈರಾಣುವಿನ ಜೀನ್‌ಗಳನ್ನು ಹೊತ್ತ ಪ್ಲಾಸ್ಮಿಡ್ ಡಿಎನ್‌ಎಯನ್ನು, ಪ್ರಾಣಿಯ ತೂಕದ ಶೇಕಡಾ 8ರಿಂದ 10ರಷ್ಟಾಗುವ ಲವಣದ್ರಾವಣದಲ್ಲಿ ಬೆರೆಸಿ, ಬಾಲದ ಸಿರೆಯ ಮೂಲಕ 5ರಿಂದ 8 ಸೆಕೆಂಡುಗಳೊಳಗೆ ರಭಸವಾಗಿ ಏರಿಸುವ ಪದ್ಧತಿಯೊಂದುಂಟು. ಹಾಗೆ ಸಿದ್ಧಗೊಳಿಸಿದ ಇಲಿಯನ್ನು ಪರೀಕ್ಷಿಸುವ ಬಗೆಯನ್ನು ಇಲ್ಲಿ ವಿವರಿಸಿದೆ.

ಸಂಸ್ಥೆಯ ಪ್ರಾಣಿನೀತಿ ಸಮಿತಿಯ ಅನುಮತಿಯಿಲ್ಲದೆ ಕೆಲಸವನ್ನು ಆರಂಭಿಸಲಾಗದು. ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸುಗಳನ್ನು ಪೂರೈಸದವರು ಈ ರಕ್ತವನ್ನು ಮುಟ್ಟಲೂ ಬಾರದು.

ಮೊದಲನೆಯದು ರಕ್ತಸಂಗ್ರಹ. 25 ಗ್ರಾಂ ತೂಗುವ ಇಲಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ಸುಮಾರು 1.8 ಮಿಲಿಲೀಟರ್ ಮಾತ್ರ. ಒಂದು ಸಲಕ್ಕೆ ಅದರ ಹತ್ತನೆಯ ಒಂದು ಪಾಲನ್ನು ಮೀರಿ ತೆಗೆಯುವುದು ನಿರ್ದಯ. ದವಡೆಯ ಬಳಿಯ ಸಿರೆಯಿಂದ ಇಳಿದ ಆ ಕೆಲವೇ ಹನಿಗಳನ್ನು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ, ಒಣಹುಲ್ಲಿನ ಬಣ್ಣದ ಸೀರಮ್ ಮೇಲೆ ನಿಲ್ಲುತ್ತದೆ. ಅದು ಕೆಂಪಡರಿದ್ದರೆ ರಕ್ತಕಣಗಳು ಒಡೆದಿವೆಯೆಂದರ್ಥ. ಅಂಥ ಸೀರಮ್ಮಿನ ಫಲಿತವನ್ನು ನೆಚ್ಚಲಾಗದು.

ಎರಡನೆಯದು ಎಲೈಸಾ. ವೈರಾಣುವಿನ ಮೇಲ್ಮೈಯ ಪ್ರತಿಜನಕವನ್ನು, ಎಂದರೆ ಹೆಚ್‌ಬಿಎಸ್ ಆಂಟಿಜನ್ನನ್ನು, ಇದರಿಂದ ಅಳೆಯಬೇಕು. ಈ ಪದ್ಧತಿಯಲ್ಲಿ ಮೊದಲ ದಿನಗಳಲ್ಲೇ ಅದು ವಿಪುಲವಾಗಿ ಹೊರಹೊಮ್ಮುವುದರಿಂದ, ಸೀರಮ್ಮನ್ನು ಹತ್ತು ಪಟ್ಟು, ನೂರು ಪಟ್ಟು ತೆಳುವಾಗಿಸಿಯೂ ನೋಡತಕ್ಕದ್ದು. ಪ್ರತಿಜನಕ ಮಿತಿಮೀರಿದಾಗ ಕೆಲವು ಕಿಟ್‌ಗಳಲ್ಲಿ ಬಣ್ಣ ಏರುವುದಕ್ಕೆ ಬದಲಾಗಿ ಇಳಿಯುವುದುಂಟು. ಹಳದಿಗೆ ತಿರುಗಿದ ಗುಳಿಗಳನ್ನು 450 ನ್ಯಾನೋಮೀಟರಿನಲ್ಲಿ ಓದುವಾಗ, ಖಾಲಿ ಪ್ಲಾಸ್ಮಿಡ್ ಪಡೆದ ಇಲಿಯ ಸೀರಮ್ ಅದೇ ತಟ್ಟೆಯಲ್ಲಿರಬೇಕು.

ಇಲಿಯ ದೇಹವೇ ಉತ್ಪಾದಿಸುವ ಪ್ರತಿಕಾಯಗಳನ್ನು ಹುಡುಕುವಾಗ ಅನೇಕರು ಎಡವುತ್ತಾರೆ. ಮನುಷ್ಯನ ಪ್ರತಿಕಾಯವನ್ನು ಮಾತ್ರ ಗುರುತಿಸುವ ಕಿಟ್ ಇಲಿಯದನ್ನು ಕಾಣಲಾರದು. ಎರಡು ಬದಿಯಲ್ಲಿಯೂ ಪ್ರತಿಜನಕವನ್ನೇ ಇಟ್ಟು ನಡುವೆ ಪ್ರತಿಕಾಯವನ್ನು ಹಿಡಿಯುವ ಕಿಟ್ಟಾದರೆ ಯಾವ ಪ್ರಾಣಿಯದಾದರೂ ಸಲ್ಲುತ್ತದೆ.

ಮೂರನೆಯದಾದ ಡಿಎನ್‌ಎ ಪರೀಕ್ಷೆಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಪಿಸಿಆರ್ ಯಂತ್ರಕ್ಕೆ, ನಾವೇ ಚುಚ್ಚಿ ಸೇರಿಸಿದ ಪ್ಲಾಸ್ಮಿಡ್ಡಿಗೂ ಯಕೃತ್ತಿನಲ್ಲಿ ಹೊಸದಾಗಿ ಹುಟ್ಟಿದ ವೈರಾಣುವಿನ ಡಿಎನ್‌ಎಗೂ ಭೇದ ತಿಳಿಯದು. ಆದ್ದರಿಂದ ಸೀರಮ್ಮನ್ನು ಮೊದಲು ಡಿಎನ್‌ಏಸ್ ಎಂಬ ಕಿಣ್ವದಿಂದ ಸಂಸ್ಕರಿಸಬೇಕು: ಬಯಲಾಗಿ ತೇಲುವ ಪ್ಲಾಸ್ಮಿಡ್ ನಾಶವಾಗುತ್ತದೆ, ಕವಚದೊಳಗಿನ ವೈರಾಣು ಡಿಎನ್‌ಎ ಉಳಿಯುತ್ತದೆ. ಯಕೃತ್ತಿನಿಂದ ತೆಗೆದ ಡಿಎನ್‌ಎಗಾದರೋ ಡಿಪಿಎನ್-1 ಕಿಣ್ವ ನೆರವಾಗುತ್ತದೆ, ಸಾಮಾನ್ಯ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆದ ಪ್ಲಾಸ್ಮಿಡ್ ಮೀಥೈಲ್ ಮುದ್ರೆಯನ್ನು ಹೊತ್ತಿರುವುದರಿಂದ ಅದನ್ನು ಕತ್ತರಿಸಿ, ಇಲಿಯ ಕೋಶದಲ್ಲಿ ಹುಟ್ಟಿದ್ದನ್ನು ಬಿಟ್ಟುಬಿಡುತ್ತದೆ.

ಕೊನೆಯದು ಯಕೃತ್ತಿನ ತೆಳುಚ್ಛೇದಗಳ ಪರೀಕ್ಷೆ. ತಿರುಳಿನ ಪ್ರತಿಜನಕಕ್ಕೆ ಬಣ್ಣ ಹಚ್ಚುವಾಗ ಇಲಿಯ ಪ್ರತಿಕಾಯದ ಬದಲು ಮೊಲದಿಂದ ಪಡೆದದ್ದನ್ನೇ ಬಳಸುವುದು ಲೇಸು. ಇಲ್ಲವಾದರೆ, ಮೊದಲ ಪ್ರತಿಕಾಯವನ್ನು ಗುರುತಿಸಲು ಹಾಕುವ ಎರಡನೆಯ ಪ್ರತಿಕಾಯವು ಇಲಿಯ ಅಂಗಾಂಶಕ್ಕೇ ಅಂಟಿಕೊಂಡು ಸುತ್ತಲೂ ಕಂದು ಹರಡಬಹುದು. ಸರಿಯಾಗಿ ಹಚ್ಚಿದ ಗಾಜಿನ ಮೇಲೆ, ನಸುನೀಲಿಯ ಕೋಶಗಳ ನಡುವೆ ಅಲ್ಲಲ್ಲಿ ಚೆದುರಿದ ಕಂದು ಕೋಶಗಳು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ತೋರುತ್ತವೆ.